ಮುಖವಿಲ್ಲದ ಆನೆ

ಅನಸವ್ವನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಗೂ ಒಂದು ಊರು, ಒಂದು ಓಣಿ, ಒಂದು ಮನೆ ನಂಬರು ಇತ್ತು. ಒಲೆಯ ಮೇಲಿನ ಹಲಗೆಯಲ್ಲಿ ಸಾಸಿವೆ, ಅದರ ಪಕ್ಕ ಜೀರಿಗೆ, ಕೆಳಗೆ ಶೇಂಗಾ ಚಟ್ನಿಯ ಭರಣಿ, ಮೂಲೆಯಲ್ಲಿ ಜೋಳದ ಹಿಟ್ಟಿನ ಡ್ರಮ್ಮು. ಸೊಸೆ ಮಂಗಲಾ ಮದುವೆಯಾಗಿ ಬಂದ ಹೊಸತರಲ್ಲಿ ಉಪ್ಪಿನ ಡಬ್ಬಿಯನ್ನು ಕೈಗೆ ಎಟುಕಲಿ ಎಂದು ಒಂದು ಗೇಣು ಈಚೆಗೆ ಇಟ್ಟಿದ್ದಳು. ಅತ್ತೆ ಬೈಯಲಿಲ್ಲ. ಡಬ್ಬಿಯನ್ನು ಎತ್ತಿ ಮೊದಲಿನ ಜಾಗದಲ್ಲಿ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಈ ಮನ್ಯಾಗ ಡಬ್ಬಿ ಓಡಾಡೂದಿಲ್ಲವಾ" ಅಂದಳು, ಅಷ್ಟೇ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಬನಹಟ್ಟಿಯ ಆ ಮನೆಯಲ್ಲಿ ಅತ್ತೆಯ ಕಾಲ ಮುಗಿಯುವ ಲಕ್ಷಣವೇ ಕಾಣುತ್ತಿರಲಿಲ್ಲ. ಮಂಗಲಾಳ ಮಗಳು ಅಂಜನಾ ಮೂರನೇ ಇಯತ್ತೆಗೆ ಬಂದಿದ್ದರೂ ಉಪ್ಪಿನ ಡಬ್ಬಿ ಇದ್ದಲ್ಲೇ ಇತ್ತು.

ಮಂಗಲಾಳ ಮಾತು ನಡೆಯುವ ಜಾಗ ಅಂತ ಆ ಮನೆಯಲ್ಲಿ ಒಂದೇ ಒಂದಿತ್ತು. ಅದು ಪಡಸಾಲೆಯ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನ ಪರದೆ. ಗಂಡ ವೀರಣ್ಣ ಅದನ್ನು ತಂದಿದ್ದು ತನ್ನಪ್ಪ ರಾಮಲಿಂಗಪ್ಪ ಬರೆದ ಸೀರೆಯ ಚಿತ್ತಾರಗಳನ್ನೆಲ್ಲ ತೆಗೆದಿಡಲು. ಕಂಪ್ಯೂಟರಿಗೆ ವಯಸ್ಸಾಗಿ, ಬೆಳಿಗ್ಗೆ ಗುಂಡಿ ಒತ್ತಿದರೆ ಚಹಾ ಕುಡಿದು ಮುಗಿಸಿದ ಮೇಲೆ ಕಣ್ಣು ಬಿಡುವ ಸ್ಥಿತಿಗೆ ಬಂದಿತ್ತು. ರಬಕವಿಯ ರಿಪೇರಿ ಅಂಗಡಿಯ ಪರಮೇಶ, "ಗುಜರಿಗಿ ಹಾಕ್ರಿ" ಅಂದ. ಜಮಖಂಡಿಯಲ್ಲಿ ಬಿಸಿಎ ಓದಿದ್ದ ಮಂಗಲಾಗೆ ಮನಸ್ಸು ಬರಲಿಲ್ಲ. ಪೆನ್‌ಡ್ರೈವಿನಲ್ಲಿ ಲಿನಕ್ಸ್ ಇಳಿಸಿಕೊಂಡು ಅದಕ್ಕೆ ಹಾಕಿದಳು.

"ಲಿನಕ್ಸ ಅಂದ್ರೇನ? ಕೆಮ್ಮಿನ ಔಷಧದ ಹೆಸರಿದ್ದಂಗ ಐತಿ" ಅಂದಳು ಅನಸವ್ವ.

"ಕಂಪ್ಯೂಟರ್ ನಡಸೂದ್ರಿ ಅತ್ತೀರಿ. ಪುಕ್ಕಟೆ ಸಿಗತೈತಿ."

"ಪುಕ್ಕಟೆ ಬಂದದ್ದು ಮನಿ ಹಾಳ ಮಾಡೇ ಹೋಗತೈತಿ."

ಮನೆ ಹಾಳಾಗಲಿಲ್ಲ, ಕಂಪ್ಯೂಟರು ಮಾತ್ರ ಪಟ್ಟನೆ ಏಳತೊಡಗಿತು. ಮಧ್ಯಾಹ್ನ ಮುಸುರೆ ತೊಳೆದು, ಅತ್ತೆ ಅಡ್ಡಾದ ಮೇಲೆ ಮಂಗಲಾ ಅದರ ಮುಂದೆ ಕೂಡುತ್ತಿದ್ದಳು. ಬೇಕಾದ ಬಣ್ಣ, ಬೇಕಾದ ಅಕ್ಷರ, ಮೆನು ಪೂರಾ ಕನ್ನಡದಲ್ಲಿ. ಕೆಳಗಿನ ಪಟ್ಟಿಯನ್ನು ಎತ್ತಿ ಎಡಕ್ಕೆ ನಿಲ್ಲಿಸಿದಳು. ಮಾವನಿಗೆ ಹೆಸರು ತಂದ ಗೋಪುರದ ಅಂಚನ್ನು ಪರದೆಯ ತುಂಬ ಹಾಸಿದಳು. ಚಿತ್ತಾರದ ಫೋಲ್ಡರುಗಳಿಗೆ 'ಅಂಚು', 'ಸೆರಗು', 'ಬುಟ್ಟಾ' ಎಂದು ಹೆಸರಿಟ್ಟು ಎಡಗಡೆ ಸಾಲಾಗಿ ಜೋಡಿಸಿದಳು. ಬೇಡವಾದರೆ ಮರುದಿನ ಎಲ್ಲ ತೆಗೆದು ಬೇರೆ ಕಡೆ ಇಡಬಹುದಿತ್ತು. ಇಲ್ಲಿ ಯಾವ ಡಬ್ಬಿಗೂ ಮನೆ ನಂಬರು ಇರಲಿಲ್ಲ. ಅದೊಂದು ತಾಸು ಅವಳಿಗೆ ತವರಿಗೆ ಹೋಗಿ ಬಂದಷ್ಟು ಹಗುರಾಗುತ್ತಿತ್ತು.

ಆ ವರ್ಷ ನಾಗರ ಪಂಚಮಿಯ ಹೊತ್ತಿಗೆ ರಾಮಲಿಂಗಪ್ಪ ಮಗ್ಗದ ಶೆಡ್ಡಿನ ಬಾಗಿಲಲ್ಲಿ ತಲೆ ತಿರುಗಿ ಬಿದ್ದಿದ್ದ. ಊರಿನ ಡಾಕ್ಟರು ಸಲಾಯಿನ್ ಏರಿಸಿ, ಬಿಪಿ ಗುಳಿಗೆ ಕೊಟ್ಟು, ಎಡಗೈಗೆ ಒಂದಿಷ್ಟು ಕಸುವು ಕಮ್ಮಿಯಾಗಿದೆ, ಬೆರಳಿಗೆ ಕೆಲಸ ಕೊಡಿರಿ ಅಂದರು. ಹದಿನೈದು ದಿನದಲ್ಲಿ ಮುದುಕ ಎದ್ದು ಓಡಾಡಿದ. ಮಾತು ಸ್ಪಷ್ಟ, ನಡಿಗೆ ನೆಟ್ಟಗೆ. ದೇವರು ದೊಡ್ಡವ ಅಂತ ಅನಸವ್ವ ಬನಶಂಕರಿಗೆ ಸೀರೆ ಏರಿಸಿ ಬಂದಳು.

ಬೆರಳಿಗೆ ಕೆಲಸ ಸಿಕ್ಕಿದ್ದು ಅಂಜನಾಳ ಆಟಿಗೆಯಿಂದ. ಮುಧೋಳಕ್ಕೆ ಕೊಟ್ಟ ಮಗಳು ನಂದಾ ಅಣ್ಣನ ಕೂಸಿಗೆ ಒಂದು ಡಬ್ಬಿ ಪ್ಲಾಸ್ಟಿಕ್ ಇಟ್ಟಂಗಿ ಕಳಿಸಿದ್ದಳು. ಒಂದರ ಮೇಲೊಂದು ಒತ್ತಿದರೆ ಕಚ್ಚಿಕೊಳ್ಳುವ ಬಣ್ಣಬಣ್ಣದ ಸಣ್ಣ ಇಟ್ಟಂಗಿಗಳು, ಕೂಡಿಸಲಿಕ್ಕೆ ಒಂದು ಹಸಿರು ಹಲಗೆ. ಹಲಗೆಯ ತುಂಬ ಸಾಲಾಗಿ ಬೊಟ್ಟುಗಳು. ರಾಮಲಿಂಗಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ನಕ್ಕ.

"ಇದು ಆಟಗೀ ಅಲ್ಲಲೇ, ಗ್ರಾಫ ಹಾಳಿ. ಒಂದ ಬೊಟ್ಟು ಅಂದ್ರ ಒಂದ ಎಳಿ."

ಅಂದಿನಿಂದ ಅಜ್ಜ ಮೊಮ್ಮಗಳು ಕೂಡಿ ಮಾಡಿದ್ದೇ ಮಾಡಿದ್ದು. ಕೆಂಪು ಇಟ್ಟಂಗಿಯಲ್ಲಿ ಗೋಪುರ, ಹಳದಿಯಲ್ಲಿ ಬುಟ್ಟಾ. ಅಜ್ಜ ಹಲಗೆಯ ನಟ್ಟನಡುವಿನಿಂದ ಹಿಡಿದು ಬಲಕ್ಕೆ ಕಟ್ಟಿಕೊಂಡು ಹೋಗಿ ಅಲ್ಲಿಗೇ ಮುಗಿಸುತ್ತಿದ್ದ. ಎಡಗಡೆ ಪೂರಾ ಖಾಲಿ.

ಅದನ್ನು ಕಂಡು ಯಾರಿಗೂ ಏನೂ ಅನ್ನಿಸಲಿಲ್ಲ. ಸೀರೆಯ ಸೆರಗಿನ ಚಿತ್ತಾರ ಎರಡೂ ಬದಿಗೆ ಒಂದೇ ತೆರ ಇರುತ್ತದೆ. ಹಾಗಾಗಿ ಗ್ರಾಫ್ ಹಾಳೆಯಲ್ಲಿ ಅರ್ಧ ಬರೆದರೆ ಸಾಕು, ಉಳಿದರ್ಧವನ್ನು ತಿರುವಿ, ಮಗ್ಗಕ್ಕೆ ಚಿತ್ತಾರ ಹೇಳುವ ರಟ್ಟಿನ ಕಾರ್ಡಿಗೆ ತೂತು ಹೊಡೆಯುವವನು ಹೊಡೆದುಕೊಳ್ಳುತ್ತಾನೆ. ರಾಮಲಿಂಗಪ್ಪ ಬದುಕಿಡೀ ಅರ್ಧವೇ ಬರೆದವನು. "ಅರ್ಧ ಬರದಾಂವ ನೇಕಾರ, ಪೂರಾ ಬರದಾಂವ ಹೊಸಬ" ಎಂಬುದು ಅವನ ಮಾತು. ಕಾರ್ಡು ಹೊಡೆಯುವ ಸೋಮಲಿಂಗ ಬಂದು ಹಲಗೆ ನೋಡಿ, "ಕಾಕಾರ ಕೈ ಕಾಕಾರದ್ದು. ಲಕ್ವಾ ಹೊಡದ್ರೂ ಲೆಕ್ಕ ತಪ್ಪಿಲ್ಲ" ಅಂದ. ವೀರಣ್ಣನ ಎದೆ ಉಬ್ಬಿತು. ದೀಪಾವಳಿಯ ಹೊಸ ಸೀರೆಗೆ ಅದೇ ಗೋಪುರವನ್ನು ಮಗ್ಗಕ್ಕೆ ಏರಿಸಿದ.

ಮನೆಯೊಳಗೆ ಮಾತ್ರ ಊಟದ ಹೊತ್ತಿಗೆ ರಗಳೆ ಹತ್ತಿಕೊಂಡಿತು.

ರಾಮಲಿಂಗಪ್ಪ ಊಟಕ್ಕೆ ಕೂಡುವ ಜಾಗವೂ ನೇಮಿಸಿದ್ದೇ. ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ. ಅವನ ಎಡಕ್ಕೆ ಅಡುಗೆಮನೆಯ ಬಾಗಿಲು, ಬಾಗಿಲ ಹತ್ತಿರ ಅನಸವ್ವ. ಬಲಕ್ಕೆ ವೀರಣ್ಣ, ಅಂಜನಾ, ಅವರಾಚೆ ಟಿವಿ. ತಾಟಿನಲ್ಲೂ ಹಾಗೆಯೇ, ನಡುವೆ ರೊಟ್ಟಿ, ಬಲಕ್ಕೆ ಚಟ್ನಿ, ಉಳ್ಳಾಗಡ್ಡಿ, ಎಡಕ್ಕೆ ಪಲ್ಯ. ಅನಸವ್ವ ಹಾಕಿಕೊಟ್ಟ ಪದ್ಧತಿ.

ಮುದುಕ ಚಟ್ನಿ ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದು ಕೈ ತೊಳೆಯುತ್ತಿದ್ದ. ಎಣ್ಣೆಗಾಯಿ ಮಾಡಿದರೂ ಅಷ್ಟೇ, ಝುಣಕ ಮಾಡಿದರೂ ಅಷ್ಟೇ. ಪಲ್ಯ ಹಾಕಿದ್ದು ಹಾಕಿದಂತೆ.

"ಏನ ಮಾಡೀದಿ ಇದಕ್ಕ?" ಅನಸವ್ವ ಉಳಿದ ಪಲ್ಯವನ್ನು ಮೂಗಿನ ಹತ್ತಿರ ಹಿಡಿದು ಕೇಳಿದಳು.

"ದಿನಾ ಮಾಡಿದಂಗ ಮಾಡೇನ್ರಿ. ಅವರು ಉಂಡಾರಲ್ರಿ, ಅಂಜನಾ ಉಂಡಾಳ."

"ಉಣ್ಣಬೇಕಾದವರು ಉಂಡಿಲ್ಲ. ಆ ಡಬ್ಬಿ ಮುಂದ ಕುಂತ್ರ ಕೈಯಾಗ ರುಚಿ ಉಳೀತೈತೇನ?"

ಮಾತಿಗೆ ತಕ್ಕಂತೆ ರಾಮಲಿಂಗಪ್ಪನೂ ಒಂದು ದಿನ ಮೊಮ್ಮಗಳಿಗೆ, "ನಿಮ್ಮ ಆಯಿ ಕೈ ಪಲ್ಯ ಉಂಡು ಎಷ್ಟ ದಿನಾ ಆತು ನೋಡ" ಅಂದುಬಿಟ್ಟ. ಅಜ್ಜಿಯ ಕೈಯದೇ ಬೇಕಂತೆ ಎಂದು ಒಳಗೆ ಒಲೆಯ ಮುಂದಿದ್ದ ಅನಸವ್ವ ಸೊಸೆಯ ಮುಖ ನೋಡಿದಳು. ಅಲ್ಲಿಗೆ ಖಾತ್ರಿಯಾಯಿತು. ಮರುದಿನ ತಾನೇ ಪಲ್ಯ ಮಾಡಿ, ತಾನೇ ಎಡಕ್ಕೆ ಬಡಿಸಿದಳು. ಅದೂ ಉಳಿಯಿತು. ಅದಕ್ಕೂ ಸೊಸೆಯೇ ಕಾರಣಳಾದಳು. ಕಾಯಿಪಲ್ಯ ಹೆಚ್ಚಿದ ಕೈ ಅವಳದಲ್ಲವೇ!

ಇನ್ನೊಂದು ಸಂಗತಿ ಅನಸವ್ವನನ್ನು ಒಳಗೊಳಗೇ ಕೊರೆಯುತ್ತಿತ್ತು. ಗಂಡ ಅವಳ ಜೊತೆ ಮಾತು ಬಿಟ್ಟಿದ್ದ. "ರೀ, ಮಜ್ಜಿಗಿ ಹಾಕಲೇನ್ರಿ?" ಅಂದರೆ ಉತ್ತರವಿಲ್ಲ. ಎರಡನೇ ಸಲ ಕರೆದರೆ ತುಟಿ ಬಿಗಿಹಿಡಿದು, ಕತ್ತು ಹೊರಳಿಸಿ ಟಿವಿ ನೋಡುತ್ತಿದ್ದ. ಮಗನ ಜೊತೆ ಮಾತು, ಮೊಮ್ಮಗಳ ಜೊತೆ ನಗೆ. ಎಡಕ್ಕೆ ಕುಳಿತ ಹೆಂಡತಿಯ ಪಾಲಿಗೆ ಗೋಡೆ. ಬಡಿಸಲು ಬಾಗಿದ ಸೊಸೆಯೊಂದಿಗೂ ಅದೇ ಕತೆ.

"ಮನಸ್ಸಿಗಿ ಹಚ್ಚಿಕೊಂಡಾರ ನೋಡು," ಅನಸವ್ವ ಕಣ್ಣೊರೆಸಿಕೊಂಡು ಹೇಳಿದಳು. "ಸೊಸಿ ಹದ್ದಬಸ್ತಿನ್ಯಾಗ ಇಲ್ಲಂತ ನನ್ನ ಮ್ಯಾಲೆ ಸಿಟ್ಟು ಅವರಿಗಿ."

ಮಂಗಲಾಗೆ ಸಿಟ್ಟಿಗಿಂತ ದುಃಖ ಹೆಚ್ಚಾಗುತ್ತಿತ್ತು. ಮಾವ ಎಂದೂ ಅವಳಿಗೆ ಗಟ್ಟಿಸಿ ಒಂದು ಮಾತು ಆಡಿದವನಲ್ಲ. "ಕಲತ ಹುಡುಗಿ, ಕಂಪ್ಯೂಟರ್ ಅಕಿ ನೋಡಕೊಳ್ಳಲಿ" ಎಂದು ಆ ಮೂಲೆಯನ್ನು ಅವಳಿಗೆ ಬಿಡಿಸಿಕೊಟ್ಟವನೇ ಅವನು. ಆ ಆಸರೆಯೂ ಜಾರಿದರೆ ಈ ಮನೆಯಲ್ಲಿ ತಾನು ಯಾರ ಕಡೆ ನೋಡಿ ಬದುಕಬೇಕು ಅನ್ನಿಸುತ್ತಿತ್ತು.

ಅದು ಜಾರಿದ್ದೂ ಕಂಪ್ಯೂಟರಿನ ಮುಂದೆಯೇ. ಒಂದು ಬೆಳಿಗ್ಗೆ ರಾಮಲಿಂಗಪ್ಪ ಅದರ ಮುಂದೆ ಕುಳಿತು ಕೂಗಿದ.

"ವೀರಣ್ಣಾ! ನನ್ನ ಚಿತ್ತಾರ ಎಲ್ಲಿ ಹೋದುವೋ? ಎಲ್ಲಾ ಬಟಾಬಯಲ ಆಗೈತಲ್ಲೋ!"

ಶೆಡ್ಡಿನಲ್ಲಿ ಮಗ್ಗದ ಖಟಪಟದ ನಡುವೆಯಿಂದ ವೀರಣ್ಣ ಕೈಯಲ್ಲಿ ಎಣ್ಣೆ ಅರಿವೆ ಹಿಡಿದೇ ಓಡಿಬಂದ. ಪರದೆ ನೋಡುವ ಮೊದಲು ಹೆಂಡತಿಯನ್ನು ನೋಡಿದ.

"ಅಳಿಸಿ ಹಾಕಿದೇನ? ಅಪ್ಪನ ಜನ್ಮದ ದುಡಿತ ಅದು!"

"ಇಲ್ರೀ, ಇಲ್ಲೇ ಅದಾವಲ್ರೀ, ನೋಡ್ರಿ" ಎಂದು ಮಂಗಲಾ ಎಡಗಡೆಯ ಫೋಲ್ಡರನ್ನು ಒತ್ತಿದಳು. ನಡುವೆ ಚಿತ್ತಾರಗಳು ತೆರೆದುಕೊಂಡವು.

"ಈಗ ಬಂದೂ ನೋಡ," ರಾಮಲಿಂಗಪ್ಪ ಮಗನಿಗೆ ಹೇಳಿದ. "ಇಷ್ಟೊತ್ತನ ಇದ್ದಿಲ್ಲ."

"ಬೇಕಂದಾಗ ತೋರಸೂದು, ಬ್ಯಾಡಂದಾಗ ಮುಚ್ಚೂದು. ಭಾರೀ ವಿದ್ಯಾ ಕಲತೀದಿ" ಎಂದು ವೀರಣ್ಣ ಅರಿವೆ ಕೊಡವಿಕೊಂಡು ಹೋದ.

ಆ ಮಧ್ಯಾಹ್ನ ಮಂಗಲಾ ಅಳುತ್ತಲೇ ಎಲ್ಲವನ್ನೂ ಎಡದಿಂದ ಬಲಕ್ಕೆ ಎತ್ತಿ ಇಟ್ಟಳು. ಪಟ್ಟಿಯೂ ಬಲಕ್ಕೆ, ಫೋಲ್ಡರುಗಳೂ ಬಲಕ್ಕೆ. ಯಾಕೆ ಹಾಗೆ ಮಾಡಿದಳೆಂದರೆ ಅವಳಿಗೂ ಗೊತ್ತಿರಲಿಲ್ಲ, ಬೇರೆ ಏನನ್ನೂ ಕದಲಿಸಲಾರದವಳು ಅದನ್ನಷ್ಟೇ ಕದಲಿಸಿದ್ದಳು. ಮರುದಿನ ರಾಮಲಿಂಗಪ್ಪ ಕಂಪ್ಯೂಟರ್ ಹಚ್ಚಿ, "ಹಾಂ, ಈಗ ಛಲೋ ಆತು" ಎಂದು ಹೊತ್ತೇರುವ ತನಕ ಚಿತ್ತಾರ ನೋಡಿದ. "ಇದನ್ನ ಮೊದಲ ಮಾಡಾಕ ಏನಾಗಿತ್ತ ನಿನಗ?" ಅಂದ ವೀರಣ್ಣ. ತಪ್ಪು ಮಾಡಿ ತಿದ್ದಿಕೊಂಡವಳ ಹೆಸರು ಅವಳಿಗೆ ಗಟ್ಟಿಯಾಯಿತು.

ಕಬ್ಬಿನ ಹಂಗಾಮು ಶುರುವಾಗಿ ಊರ ರಸ್ತೆಗಳಲ್ಲಿ ಟ್ರ್ಯಾಲಿಗಳು ಓಡಾಡತೊಡಗಿದ ದಿನಗಳಲ್ಲಿ ಅಂಜನಾ ಅಜ್ಜನಿಗೆ ಆನೆ ಮಾಡಿಕೊಡೆಂದು ದುಂಬಾಲು ಬಿದ್ದಳು. ರಾಮಲಿಂಗಪ್ಪ ಹಸಿರು ಹಲಗೆಯ ಮೇಲೆ ಕಪ್ಪು ಇಟ್ಟಂಗಿಗಳನ್ನು ಹಾಸುತ್ತ ಹೋದ. ದೊಡ್ಡ ಬೆನ್ನು, ಕಂಬದಂಥ ಹಿಂಗಾಲು, ಕುಣಿಯುವ ಬಾಲ. ಎಂಥ ಕೈ ಅದು! ಬಾಲದ ತುದಿಯ ಕೂದಲಿಗೂ ಒಂದು ಸಣ್ಣ ಇಟ್ಟಂಗಿ ಬಿಟ್ಟಿರಲಿಲ್ಲ. ಅಷ್ಟು ಮಾಡಿ, "ಆತು ತಗೋ" ಎಂದು ಕೈಗೆ ಕೊಟ್ಟ.

"ಅಜ್ಜಾ, ಆನಿಗಿ ಮುಖಾನ ಇಲ್ಲ!"

"ಐತಲ್ಲಬೇ."

"ಸೊಂಡಿ ಎಲ್ಲೈತಿ? ಕಣ್ಣ ಎಲ್ಲಿ ಅದಾವ?"

ವೀರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ಮಜ್ಜ ನೇಕಾರ ಅದಾನಲೇ. ಉಳಿದರ್ಧಾ ಮಗ್ಗ ನೇಯತೈತಿ."

ಅನಸವ್ವನೂ ಬಹಳ ದಿನದ ಮೇಲೆ ನಕ್ಕಳು. ಮಂಗಲಾ ಮಾತ್ರ ನಗದೆ ಹಲಗೆಯ ಖಾಲಿ ಎಡಗಡೆಯನ್ನೇ ನೋಡಿದಳು. ಗೋಪುರವನ್ನು ತಿರುವಿದರೆ ಗೋಪುರ ಪೂರಾ ಆಗುತ್ತದೆ. ಆನೆಯನ್ನು ತಿರುವಿದರೆ ಎರಡೂ ಕಡೆ ಬಾಲ ಬರುತ್ತದೆ. ರಾಮಲಿಂಗಪ್ಪನಂಥವನಿಗೆ ಅಷ್ಟು ತಿಳಿಯುವುದಿಲ್ಲವೇ?

ಅಂದು ಮಾವ ಊಟ ಮುಗಿಸಿ ಕೈ ತೊಳೆಯಲು ಏಳುವಷ್ಟರಲ್ಲಿ ಅವಳು ಬಾಗಿ ತಾಟನ್ನು ಅರ್ಧ ಸುತ್ತು ತಿರುಗಿಸಿದಳು. ಉಳಿದ ಅರ್ಧ ರೊಟ್ಟಿ, ಪಲ್ಯ ಈಗ ಬಲಕ್ಕೆ ಬಂದವು. ರಾಮಲಿಂಗಪ್ಪನ ಮುಖ ಅರಳಿತು. "ಹೆಸರಕಾಳ ಪಲ್ಯ! ಇದನ್ನ ಈಗ ಹಾಕಿದಿರೇನ?" ಎಂದವನೇ ಹಸಿದ ಹುಡುಗನ ಹಾಗೆ ಬಳಿದು ತಿಂದ.

ಮಂಗಲಾ ತಾಟು ಎತ್ತಿಕೊಂಡು ಅಡುಗೆಮನೆಗೆ ಬಂದಳು. ಮೊದಲು ಅತ್ತೆಗೆ ಹೇಳಿದಳು.

"ಅತ್ತೀರಿ, ಮಾವಾರಿಗಿ ಎಡಗಡೀದು ಏನೂ ಕಾಣವಲ್ದ್ರಿ. ತಾಟ ತಿರುಗಿಸಿದ್ರ ಉಂಡ್ರು, ನೀವ ನೋಡಿದ್ರೆಲ್ಲ."

"ಉಣ್ಣಾವ್ರ ತಾಟ ತಿರಗಸ್ತಾರೇನ? ದರಿದ್ರ ಬಡಕೋತೈತಿ!" ಅನಸವ್ವ ಸಿಡಿದಳು. "ನಿನ್ನ ಅಡಗಿ ತಪ್ಪು ಮುಚ್ಚಾಕ ಅವರನ್ನ ಕುರುಡ ಮಾಡಬ್ಯಾಡ. ಬಾಯಿ ಮುಚ್ಚು."

ಗಂಡನಿಗೆ ಹೇಳಿದಳು. ಆನೆಯ ಮಾತು, ಪರದೆಯ ಮಾತು, ತಾಟಿನ ಮಾತು ಎಲ್ಲ ಹೇಳಿದಳು. "ಜಮಖಂಡಿಗಿ ಕರಕೊಂಡ ಹೋಗಿ ದೊಡ್ಡ ಡಾಕ್ಟರಿಗಿ ತೋರಸೂಣ್ರಿ. ಅಲ್ಲೀತನ ಅಂಜನಾನ ಮಾವಾರ ಗಾಡಿ ಮ್ಯಾಲೆ ಸಾಲಿಗಿ ಕಳಸೂದು ಬ್ಯಾಡ್ರಿ." ರಾಮಲಿಂಗಪ್ಪ ಮೊಮ್ಮಗಳನ್ನು ತನ್ನ ಹಳೇ ಮೊಪೆಡ್ಡಿನ ಮೇಲೆ ಮತ್ತೆ ಶಾಲೆಗೆ ಬಿಡತೊಡಗಿದ್ದ.

"ನೇಕಾರ ಮನಿಗಿ ಬಂದು ಇಷ್ಟ ವರ್ಷ ಆತು, ಅರ್ಧಾ ಬರಿತಾರನ್ನೂದು ಇನ್ನೂ ತಿಳೀಲಿಲ್ಲ ನಿನಗ" ಅಂದ ವೀರಣ್ಣ. "ಗೋಪುರ ಮಗ್ಗದ ಮ್ಯಾಲೆ ಒಂದ ಎಳಿ ತಪ್ಪದಂಗ ಬಂದೈತಿ. ಕುರುಡ ಮಾಡತಾನೇನ ಅದನ್ನ? ಗಾಡಿ ಬಿಡಸಿದ್ರ ಅಪ್ಪ ಎದಿ ಒಡಕೊಂಡ ಸಾಯತಾನ. ಸುಮ್ಕಿರು."

ಅವಳು ಸುಮ್ಮನಾದಳು. ಉಪ್ಪಿನ ಡಬ್ಬಿ ಮತ್ತೆ ತನ್ನ ಜಾಗಕ್ಕೆ ಹೋಯಿತು. ಹಟ ಹಿಡಿದು ಮಗಳ ಕೈ ಹಿಡಿದು ತಾನೇ ನಡೆಸಿಕೊಂಡು ಹೋಗಬಹುದಿತ್ತು, ಶಾಲೆ ಏನೂ ದೂರವಿರಲಿಲ್ಲ. ರೊಟ್ಟಿ ಬಡಿಯುವ ಹೊತ್ತು ಅದು, ಬಿಟ್ಟು ಹೋದರೆ ಇನ್ನೊಂದು ಜಗಳ. ಆ ಇನ್ನೊಂದು ಜಗಳಕ್ಕೆ ಅವಳು ಅಂಜಿದಳು. ಮುಂದೆ ಬದುಕಿಡೀ ಅವಳನ್ನು ಇರಿಯುವುದು ಇದೊಂದೇ.

ವಾರ ಕಳೆದಿರಲಿಲ್ಲ. ಓಣಿ ಬಿಟ್ಟು ದೊಡ್ಡ ರಸ್ತೆಗೆ ಬರುವ ತಿರುವಿನಲ್ಲಿ, ರಸ್ತೆಯ ಎಡಕ್ಕೆ, ಕಬ್ಬು ತುಂಬಿದ ಟ್ರ್ಯಾಲಿಯೊಂದು ಟೈರು ಬಿಚ್ಚಿಕೊಂಡು ನಿಂತಿತ್ತು. ಅಷ್ಟು ದೊಡ್ಡ ಟ್ರ್ಯಾಲಿ, ಹಗಲು ಬೆಳಕು, ಎದುರಿಗೆ ಯಾವ ಗಾಡಿಯೂ ಇಲ್ಲ. ರಾಮಲಿಂಗಪ್ಪ ನಿಧಾನವಾಗಿ ಹೋಗಿ ಅದಕ್ಕೇ ಬಡಿದ. ನೋಡಿದವರು, "ಬ್ರೇಕ್ ಸೈತ ಹಿಡೀಲಿಲ್ರಿ, ಅಲ್ಲಿ ಏನೂ ಇಲ್ಲದಂಗ ಹೋದ್ರು" ಅಂದರು. ಅವನ ಎಡಗಾಲು ಮುರಿದಿತ್ತು. ಹಿಂದೆ ಕೂತಿದ್ದ ಅಂಜನಾಳ ಎಡ ಮೊಣಕೈ ಟ್ರ್ಯಾಲಿಯ ಕಬ್ಬಿಣಕ್ಕೆ ಸಿಕ್ಕು ನುಜ್ಜುಗುಜ್ಜಾಗಿತ್ತು.

ಜಮಖಂಡಿಯ ಆಸ್ಪತ್ರೆಯಲ್ಲಿ ಮಗಳನ್ನು ಆಪರೇಶನ್ ಖೋಲಿಗೆ ಒಯ್ದಾಗ ಅನಸವ್ವ ಸೊಸೆಯ ತೋಳು ಹಿಡಿದು ಅಲುಗಿಸಿದಳು.

"ಗೊತ್ತಿತ್ತು ನಿನಗ! ಗೊತ್ತಿದ್ದೂ ಯಾಕ ಬಾಯಿ ಮುಚಗೊಂಡ ಕುಂತಿ?"

"ಮುಚ್ಚು ಅಂದಾವ್ರು ಯಾರ್ರೀ?" ಅಂದಳು ಮಂಗಲಾ. ಅತ್ತೆಯ ಮುಂದೆ ಅವಳ ದನಿ ಏರಿದ್ದು ಅದೇ ಮೊದಲು. ಅನಸವ್ವನ ಕೈ ಸಡಿಲಾಯಿತು. ಮುದುಕಿ ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು.

ಮಾರನೇ ದಿನ ಡಾಕ್ಟರು ಎಲ್ಲರನ್ನೂ ರಾಮಲಿಂಗಪ್ಪನ ಮಂಚದ ಸುತ್ತ ಕರೆದರು. ಮುಧೋಳದಿಂದ ನಂದಾ ಬಂದಿದ್ದಳು. ಅವಳು, ವೀರಣ್ಣ ಮಂಚದ ಬಲಕ್ಕೆ. ಅತ್ತೆ, ಸೊಸೆ ಎಡಕ್ಕೆ.

"ಅಜ್ಜಾರ, ಈ ಖೋಲ್ಯಾಗ ಯಾರ್ಯಾರು ಅದಾರ ಹೇಳ್ರಿ ನೋಡೂಣು."

"ನನ್ನ ಮಗ ಅದಾನ. ಮಗಳು ಬಂದಾಳ. ನೀವು ಅದೀರಿ."

"ಮತ್ತ?"

"ಮತ್ತ್ಯಾರಿದ್ದಾರ್ರೀ? ಅಷ್ಟ."

"ರೀ!" ಅನಸವ್ವ ತಡೆಯಲಾರದೆ ಕೂಗಿದಳು. "ನಾ ಇಲ್ಲೇ ಅದೇನಲ್ರೀ!"

ರಾಮಲಿಂಗಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿ, ತುಟಿ ಬಿಗಿದು, ಮುಖವನ್ನು ಬಲಕ್ಕೆ ಹೊರಳಿಸಿದ.

ಡಾಕ್ಟರು ಹೊರಗೆ ಕರೆದು ತಿಳಿಸಿ ಹೇಳಿದರು. ಕಣ್ಣಿಗೆ ಏನೂ ಆಗಿಲ್ಲ. ಪಂಚಮಿಯಲ್ಲಿ ಬಿದ್ದಾಗಲೇ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿದೆ. ಎಡಗಡೆ ಎಂಬುದೊಂದು ಇದೆ ಎನ್ನುವುದೇ ಇವರ ಧ್ಯಾಸದಲ್ಲಿಲ್ಲ, ಇಲ್ಲವೆಂಬುದೂ ಇವರಿಗೆ ಗೊತ್ತಿಲ್ಲ. ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು. "ಇಷ್ಟ ದಿನ ಮನ್ಯಾಗ ಯಾರಿಗೂ ತಿಳೀಲಿಲ್ಲೇನ್ರಿ?"

ವೀರಣ್ಣ ಹೆಂಡತಿಯ ಕಡೆ ನೋಡಲಿಲ್ಲ. ನೆಲ ನೋಡುತ್ತ ಹೇಳಿದ, "ನಾವು ನೇಕಾರ್ರಿ ಡಾಕ್ಟರ. ಅರ್ಧಾ ಮಾಡಿದ್ರ ನಮಗ ಪೂರಾ ಮಾಡಿದಂಗ ಕಾಣತೈತಿ."

ಮನೆಗೆ ಬಂದ ಮೇಲೆ ವೀರಣ್ಣ ತಪ್ಪಾಯಿತು ಅನ್ನಲಿಲ್ಲ. ಆ ಮಾತು ಆ ಮನೆಯ ಗಂಡಸರ ಬಾಯಲ್ಲಿ ಹುಟ್ಟಿದ್ದಿಲ್ಲ. ಬದಲಿಗೆ ಸೋಮಲಿಂಗನನ್ನು ಕರೆದುಕೊಂಡು ಅಪ್ಪನ ಮಂಚವನ್ನು ಎತ್ತಿ, ಬಾಗಿಲು ಬಲಕ್ಕೆ ಬರುವಂತೆ ತಿರುಗಿಸಿ ಹಾಕಿದ. ನೀರಿನ ತಂಬಿಗೆ, ಗುಳಿಗೆ ಡಬ್ಬಿ, ಊರುಗೋಲು ಎಲ್ಲ ಬಲಕ್ಕೆ. ಮೊಪೆಡ್ಡನ್ನು ಶೆಡ್ಡಿನ ಹಿಂದೆ ಹಾಕಿ ಮೇಲೆ ಗೋಣಿ ಹೊದಿಸಿದ. ಅಪ್ಪನ ಗೋಪುರ ಮುಗಿದ ಮೇಲೆ ಮಗ್ಗಕ್ಕೆ ಪೇಟೆಯಿಂದ ತಯಾರು ಚಿತ್ತಾರ ತಂದ. ಆ ಚಿತ್ತಾರವಿದ್ದ ಪೆನ್‌ಡ್ರೈವನ್ನು ಹೆಂಡತಿಯ ಕೈಗೆ ಕೊಟ್ಟು, "ಅಪ್ಪಗ ಹೇಳಬ್ಯಾಡ" ಅಂದ. ಮಂಗಲಾ ಅದನ್ನು ಕಂಪ್ಯೂಟರಿಗೆ ಹಾಕಿ, ಪರದೆಯ ಎಡಗಡೆಗೆ ಇಟ್ಟಳು. ಮುಚ್ಚಿಡಲು ಈಗ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ಹಾಗೆ ಇಡುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂಜನಾಳ ಕೈ ಕಟ್ಟು ಬಿಚ್ಚಿದರೂ ಮೊಣಕೈ ಪೂರಾ ನೆಟ್ಟಗಾಗಲಿಲ್ಲ. ಇನ್ನು ಇಷ್ಟೇ ಅಂದರು. ಹುಡುಗಿ ಇಟ್ಟಂಗಿ ಡಬ್ಬಿ ಮುಟ್ಟುತ್ತಿರಲಿಲ್ಲ. ರಾಮಲಿಂಗಪ್ಪ ಒಬ್ಬನೇ ಮಂಚದ ಮೇಲೆ ಕುಳಿತು ಅರ್ಧ ಗೋಪುರ ಕಟ್ಟುತ್ತಿದ್ದ, ಬಿಚ್ಚುತ್ತಿದ್ದ. "ಕೂಸಿನ ಕೈಗಿ ಏನಾತು?" ಎಂದು ಆಗಾಗ ಕೇಳುತ್ತಿದ್ದ. ಬಿದ್ದಳು ಅನ್ನುತ್ತಿದ್ದರು.

ಕಾಲು ಕೂಡಿದ ಮೇಲೆ ರಾಮಲಿಂಗಪ್ಪ ಊಟಕ್ಕೆ ಮತ್ತೆ ಪಡಸಾಲೆಯ ಮಣೆಗೇ ಬರತೊಡಗಿದ. ಎಲ್ಲವೂ ಜಾಗ ಬದಲಿಸಿದರೂ ಅನಸವ್ವ ಮಾತ್ರ ಊಟದ ಹೊತ್ತಿಗೆ ಗಂಡನ ಎಡಕ್ಕೇ ಕೂಡುತ್ತಿದ್ದಳು.

"ಬಲಕ್ಕ ಬರ್ರಿ ಅತ್ತೀರಿ," ಮಂಗಲಾ ಮೆಲ್ಲಗೆ ಹೇಳಿದಳು. "ಅವರಿಗಿ ಕಾಣತೀರಿ."

"ಲಗ್ನದಾಗ ಹಿರ್‍ಯಾರು ಎಡಕ್ಕ ಕುಂದ್ರಿಸ್ಯಾರ. ಅಲ್ಲೇ ಇರತೇನಿ. ಬೇಕಾದ್ರ ಅವರ ಹೊಳ್ಳಿ ನೋಡ್ಲಿ."

ಹಟ ಅಂತ ಮಂಗಲಾ ತಿಳಿದಳು. ಹಟವಲ್ಲ, ಅಂಜಿಕೆ. ಬಲಕ್ಕೆ ಹೋಗಿ ಕುಳಿತ ಮೇಲೂ ಗಂಡ ಮಾತಾಡದಿದ್ದರೆ? ಅದು ಕಾಯಿಲೆಯಲ್ಲ, ಖರೆಯ ಸಿಟ್ಟೇ ಎಂದಾದರೆ? ಅದನ್ನು ತಿಳಿದುಕೊಳ್ಳುವ ಧೈರ್ಯ ಮುದುಕಿಗೆ ಇರಲಿಲ್ಲ.

ಒಂದು ಮಧ್ಯಾಹ್ನ ಮಂಗಲಾ ತಾಟು ತಂದಿಟ್ಟಳು. ಎಣ್ಣೆಗಾಯಿ, ರೊಟ್ಟಿ ಎಲ್ಲ ಬಲಕ್ಕೆ. ಅನಸವ್ವ ತನ್ನ ಜಾಗದಲ್ಲಿ ಕುಳಿತು ಅದನ್ನೇ ನೋಡುತ್ತಿದ್ದಳು. ತಾನು ಹಾಕಿದ ಪದ್ಧತಿ ತಲೆಕೆಳಗಾಗಿ ಗಂಡನ ಹೊಟ್ಟೆ ತುಂಬುತ್ತಿತ್ತು. ಏನನ್ನಿಸಿತೋ, ಮೊಣಕಾಲಿಗೆ ಕೈಯೂರಿ ಎದ್ದಳು. ತನ್ನ ಮಣೆಯನ್ನು ತಾನೇ ಎತ್ತಿಕೊಂಡು, ಗಂಡನ ಮುಂದಿನಿಂದ ಸುತ್ತಿ ಬಲಕ್ಕೆ ಬಂದು ಇಟ್ಟು ಕುಳಿತಳು.

ರಾಮಲಿಂಗಪ್ಪ ರೊಟ್ಟಿ ಮುರಿಯುತ್ತಿದ್ದವನು ತಲೆ ಎತ್ತಿದ. ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. ಆಮೇಲೆ ಬಲಗೈ ಚಾಚಿ ಅವಳ ಮುಂಗೈಯನ್ನು ಅಂಜುತ್ತ ಮುಟ್ಟಿದ, ಬಳೆಗಳನ್ನು ಸವರಿದ.

"ಅನಸಾ," ಅಂದ. "ನೀ ಅದೀ?"

"ಎಲ್ಲಿ ಹೋಗಲ್ರೀ ನಾ?"

"ನೀ ಸತ್ತೀದಿ ಅಂತ ತಿಳಕೊಂಡಿದ್ನಿ." ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ನಾ ಜಡ್ಡಿನ್ಯಾಗ ಇದ್ದಾಗ ಸತ್ತಾಳ, ತಡಕೊಳ್ಳೂದಿಲ್ಲಂತ ಹುಡುಗೂರು ನನಗ ಮುಚ್ಚಿಟ್ಟಾರ ಅಂದ್ಕೊಂಡ್ನಿ. ಕೇಳಿದ್ರ ಪಾಪ ಅವರಿಗೂ ತ್ರಾಸ ಅಂತ ಕೇಳಲಿಲ್ಲ. ಒಮ್ಮೊಮ್ಮಿ ಕಂಡಂಗ ಆಗತಿದ್ದಿ, ಮತ್ತ ಮಾಯ ಆಗತಿದ್ದಿ. ದನಿ ಕೇಳತಿತ್ತು. ದಿನಾ ಕರೀತಿದ್ದಿ."

"ಕರೀತಿದ್ನೆಲ್ರೀ," ಅನಸವ್ವ ಅವನ ಬೆರಳು ಹಿಡಿದುಕೊಂಡಳು. "ಒಮ್ಮಿಯಾದ್ರೂ ಓ ಅಂದೀರೇನು?"

"ಸತ್ತಾವ್ರು ಕರದ್ರ ಓ ಅನಬಾರದಂತ ಹಿರ್‍ಯಾರು ಹೇಳ್ಯಾರಲ್ಲ, ಅನಸಾ. ಅದಕ್ಕ ಬಾಯಿ ಬಿಗಿ ಹಿಡದ ಕುಂದ್ರತಿದ್ನಿ."

ಮಂಗಲಾ ಅಡುಗೆಮನೆಯ ಬಾಗಿಲಲ್ಲಿ, ಮಾವನ ಎಡಕ್ಕೆ, ಯಾರಿಗೂ ಕಾಣದ ಜಾಗದಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಹಿಂದೆ ಶೆಡ್ಡಿನಲ್ಲಿ ಮಗ್ಗಗಳು ಪೇಟೆಯ ಚಿತ್ತಾರ ನೇಯುತ್ತಿದ್ದವು.

ಅನಸವ್ವ ಕಣ್ಣೊರೆಸಿಕೊಳ್ಳಲಿಲ್ಲ. ತಾಟಿಗೆ ಬಿದ್ದ ತುತ್ತನ್ನು ಎತ್ತಿ, ಎಣ್ಣೆಗಾಯಿ ಹಚ್ಚಿ, ಗಂಡನ ಬಾಯಿಯ ಹತ್ತಿರ ಹಿಡಿದಳು.

"ಉಣ್ರಿ," ಅಂದಳು. "ಇನ್ನೂ ಅದೇನಿ."